ಹನ್ನೊಂದು ಕೊಂಡರೆ ಹತ್ತು ತೋರಿಸುವ ಯಂತ್ರ



ಸೊಲ್ಲಾಪುರ, ಜತ್ತ, ಅಕ್ಕಲಕೋಟೆ, ಅತ್ತ ಆದವಾನಿ, ಹೊಸೂರುಗಳಿಂದ ಈ ಅಂಕಣಕ್ಕೆ ಬಂದ ಕಾಗದಗಳನ್ನು ಒಟ್ಟಿಗಿಟ್ಟು ನೋಡಿದರೆ ಊರು ಬೇರೆ, ಕೈಬರಹ ಬೇರೆ, ಪ್ರಶ್ನೆ ಮಾತ್ರ ಒಂದೇ. "ನಮ್ಮ ಅಂಗಡಿಯ ಕಂಪ್ಯೂಟರಿನಲ್ಲಿರುವುದು ವಿಂಡೋಸ್ ಹತ್ತೋ, ಹನ್ನೊಂದೋ? ಹತ್ತಾದರೆ ಮುಂದೇನು?" ಪ್ರಶ್ನೆ ಏಳಲು ಕಾರಣವೂ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿ ಕೊಡುತ್ತಿದ್ದ ಮಾಮೂಲು ಸುರಕ್ಷತಾ ದುರಸ್ತಿ 2025ರ ಅಕ್ಟೋಬರ್ 14ಕ್ಕೆ ನಿಂತಿತು. ದೀಪಾವಳಿಯ ಖಾತೆ-ಕೀರ್ದಿ ಪೂಜೆಗೆ ಆಗ ಒಂದು ವಾರವೂ ಉಳಿದಿರಲಿಲ್ಲ. ಹಬ್ಬದ ಗದ್ದಲದಲ್ಲಿ ಯಾರೋ ಹೇಳಿದ್ದನ್ನು ಅರ್ಧ ಕೇಳಿಸಿಕೊಂಡು ಗಾಬರಿಯಾದವರೂ ಉಂಟು, ಏನೂ ಕೇಳಿಸಿಕೊಳ್ಳದೆ ನಿಶ್ಚಿಂತರಾಗಿ ಉಳಿದವರೂ ಉಂಟು.

ಹತ್ತೋ ಹನ್ನೊಂದೋ ಎಂಬುದಕ್ಕೆ ಉತ್ತರ ಒಂದೇ ಮಾತಿನಲ್ಲಿ ಸಿಗಬೇಕು. ಸಿಗುವುದಿಲ್ಲ. ಕಂಪ್ಯೂಟರಿಗೆ ಹೊರಗೊಂದು ಸಂಖ್ಯೆ, ಒಳಗೊಂದು ಸಂಖ್ಯೆ ಇರುತ್ತದೆ. ಎರಡೂ ಒಂದನ್ನೊಂದು ಒಪ್ಪಲೇಬೇಕೆಂಬ ನಿಯಮವಿಲ್ಲ. ಇದರಿಂದ ಎರಡು ಮನೆತನಗಳ ನಡುವೆ ಮಾತು ನಿಲ್ಲುವ ಹೊತ್ತು ಬಂದದ್ದನ್ನು ನಾವು ನೋಡಿದ್ದೇವೆ.

ಸೊಲ್ಲಾಪುರದಲ್ಲಿ ನಮಗೆ ಪರಿಚಯದ ಒಂದು ಬಟ್ಟೆ ವ್ಯಾಪಾರದ ಮನೆತನವಿದೆ. ಅದೇ ಪೇಟೆಯ ಒಬ್ಬ ಕಂಪ್ಯೂಟರ್ ವ್ಯಾಪಾರಿಯೊಂದಿಗೆ ಅವರದು ಇಪ್ಪತ್ತು ವರ್ಷದ ವ್ಯವಹಾರ, ಎಲ್ಲವೂ ಬಾಯಿಮಾತಿನ ಮೇಲೆ. 2025ರ ದಸರೆಗೆ ಅವರಿಂದ ಹೊಸ ಕಂಪ್ಯೂಟರ್ ತಂದರು. ವಿಂಡೋಸ್ 11 ಹಾಕಿದ್ದು ಎಂದು ಮಾತಾಗಿತ್ತು. ಅರ್ಧ ಹಣ ಕೊಟ್ಟು, ಉಳಿದದ್ದು ದೀಪಾವಳಿಯ ಮೇಲೆ ಎಂದಿದ್ದರು. ಮನೆಯ ಮೊಮ್ಮಗ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಯುವ ಹುಡುಗ. ಅವನು ಆಜ್ಞೆ ಬರೆಯುವ ಕಪ್ಪು ಕಿಟಕಿಯನ್ನು ತೆರೆದು, ಆವೃತ್ತಿ ತೋರಿಸು ಎಂಬ ಆಜ್ಞೆ ಕೊಟ್ಟ. ಪರದೆಯ ಮೇಲೆ ಬಂದದ್ದು 10.0 ಎಂದು ಆರಂಭವಾಗುವ ಒಂದು ಉದ್ದನೆಯ ಸಂಖ್ಯೆ. ಹುಡುಗ ಅಲ್ಲಿಂದಲೇ ಫೋನು ಮಾಡಿದ.

"ಕಾಕಾ, ಹನ್ನೊಂದು ಅಂತ ಹೇಳಿ ರೊಕ್ಕಾ ತಗೊಂಡು ಹತ್ತು ಹಾಕಿ ಕೊಟ್ಟೀರಲ್ರಿ?"

"ಹಂಗ ಯಾಕ ಮಾಡ್ಲೆಪ್ಪಾ? ಹನ್ನೊಂದ ಅದ. ತೆರೆದ ಕೂಡಲೇ ಕಾಣತದ ನೋಡು."

"ಮ್ಯಾಲೆ ಹನ್ನೊಂದ ಕಾಣತದ್ರಿ. ಒಳಗ ನೋಡಿದ್ರ ಹತ್ತು ಅಂತ ಬರೀಲಿಕ್ಕತ್ತದ."

ಮೇಲೊಂದು ಒಳಗೊಂದು ಎಂಬ ಮಾತು ಪೇಟೆಯಲ್ಲಿ ಎಷ್ಟು ಕೆಟ್ಟದ್ದು ಎಂಬುದನ್ನು ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಜ್ಜ ಬಾಕಿ ಹಣವನ್ನು ತಡೆದರು. ವ್ಯಾಪಾರಿಗೆ ಹಣ ತಡೆದದ್ದಕ್ಕಿಂತ ಆ ಮಾತು ತಾಗಿತು. ಹುಡುಗ ಕಂಡದ್ದು ನಿಜ, ವ್ಯಾಪಾರಿ ಹೇಳಿದ್ದೂ ನಿಜ. ಇದು ಹೇಗೆ ಎಂಬುದನ್ನು ತಿಳಿಯಬೇಕಾದರೆ ಈ ಸಂಖ್ಯೆಗಳ ಕಟ್ಟನ್ನು ಸ್ವಲ್ಪ ಬಿಚ್ಚಬೇಕು.

ಆಪರೇಟಿಂಗ್ ಸಿಸ್ಟಂ ಎಂದರೆ ಕಂಪ್ಯೂಟರಿನಲ್ಲಾಗಲಿ ಮೊಬೈಲಿನಲ್ಲಾಗಲಿ ಎಲ್ಲಕ್ಕಿಂತ ಮೊದಲು ಎದ್ದು, ಉಳಿದ ತಂತ್ರಾಂಶಗಳಿಗೆ ಜಾಗ ಮಾಡಿಕೊಡುವ ಮೂಲ ತಂತ್ರಾಂಶ. ಅದು ಕಟ್ಟಡವಿದ್ದಂತೆ, ಲೆಕ್ಕದ ತಂತ್ರಾಂಶ, ಜಿಎಸ್‌ಟಿ ತುಂಬುವ ಕೆಲಸ, ಬ್ಯಾಂಕಿನ ವ್ಯವಹಾರ ಇವೆಲ್ಲ ಅದರೊಳಗಿನ ಬಾಡಿಗೆದಾರರು. ಕಟ್ಟಡವನ್ನು ರಿಪೇರಿ ಮಾಡಿದಾಗಲೆಲ್ಲ ಅದಕ್ಕೆ ಹೊಸ ಸಂಖ್ಯೆ ಬೀಳುತ್ತದೆ. ಈ ಸಂಖ್ಯೆಯ ನಡುವೆ ಚುಕ್ಕೆಗಳಿರುತ್ತವೆ, 3.1, 6.0, 10.15 ಎಂಬಂತೆ. ಗೊಂದಲದ ಮೊದಲ ಬೀಜ ಈ ಚುಕ್ಕೆಯೇ.

ನಾವು ಚುಕ್ಕೆ ಕಂಡ ಕೂಡಲೇ ದಶಮಾಂಶ ಎಂದುಕೊಳ್ಳುತ್ತೇವೆ. 1957ರ ಏಪ್ರಿಲ್ 1ರಿಂದ ನಯೇ ಪೈಸೆ ಬಂದ ಮೇಲೆ ನಮ್ಮ ಕಣ್ಣಿಗೆ ಆ ಅಭ್ಯಾಸವಾಗಿದೆ. ಆದರೆ ಇದು ದಶಮಾಂಶವಲ್ಲ, ಅದಕ್ಕೂ ಹಿಂದಿನ ರೂಪಾಯಿ-ಆಣೆ-ಪೈ ಲೆಕ್ಕ. ಮನೆಯಲ್ಲಿ ಅಜ್ಜಂದಿರ ಕಾಲದ ಕೀರ್ದಿ ಪುಸ್ತಕವಿದ್ದರೆ ತೆಗೆದು ನೋಡಿ. ಮೂರು ರೂಪಾಯಿ ಒಂಬತ್ತಾಣೆ ಒಂದು ಸಾಲಿನಲ್ಲಿ, ಮೂರು ರೂಪಾಯಿ ಹನ್ನೊಂದಾಣೆ ಇನ್ನೊಂದು ಸಾಲಿನಲ್ಲಿ ಇದ್ದರೆ ದೊಡ್ಡದು ಯಾವುದೆಂದು ಯಾರೂ ತಡವರಿಸುತ್ತಿರಲಿಲ್ಲ. ರೂಪಾಯಿಯ ಮನೆ ಬೇರೆ, ಆಣೆಯ ಮನೆ ಬೇರೆ. ಪ್ರತಿ ಮನೆಯ ಎಣಿಕೆ ಅದರದರದ್ದು. ಹೊಲದ ಸರ್ವೆ ನಂಬರಿನಲ್ಲೂ ಹೀಗೆಯೇ. 45ರ 9ನೇ ಹಿಸ್ಸೆ ಆದ ಮೇಲೆ ಬರುವುದು 45ರ 10ನೇ ಹಿಸ್ಸೆ, ಅದನ್ನು ಯಾರೂ ನಲವತ್ತೈದೂವರೆಯ ಹಾಗೆ ಓದುವುದಿಲ್ಲ.

ಆಪಲ್ ಕಂಪನಿಯ ಮ್ಯಾಕ್ ಕಂಪ್ಯೂಟರುಗಳಲ್ಲಿ 2013ರಲ್ಲಿ 10.9 ಎಂಬ ಆವೃತ್ತಿ ಬಂತು. 2014ರಲ್ಲಿ ಬಂದದ್ದು 10.10. ದಶಮಾಂಶದ ಕಣ್ಣಿನಿಂದ ನೋಡಿದರೆ ಹತ್ತು ರೂಪಾಯಿ ತೊಂಬತ್ತು ಪೈಸೆಯಿಂದ ಹತ್ತು ರೂಪಾಯಿ ಹತ್ತು ಪೈಸೆಗೆ ಇಳಿದಂತೆ. ಆಣೆಯ ಕಣ್ಣಿನಿಂದ ನೋಡಿದರೆ ಒಂಬತ್ತರ ನಂತರ ಹತ್ತು, ಅಷ್ಟೇ. ಹಾಗೆಯೇ ಏರುತ್ತ 2019ರಲ್ಲಿ 10.15ರವರೆಗೆ ಹೋಗಿ, 2020ರಲ್ಲಿ ಅದು 11 ಆಯಿತು.

ಒಂದು ವ್ಯತ್ಯಾಸವನ್ನು ಹೇಳಿಬಿಡಬೇಕು. ಹದಿನಾರಾಣೆಗೆ ಒಂದು ರೂಪಾಯಿ ಎಂಬ ಕಟ್ಟಳೆ ಇಲ್ಲಿಲ್ಲ. ಎಷ್ಟು ಆಣೆಗೆ ರೂಪಾಯಿ ಮಾಡಬೇಕು ಎಂಬುದು ಮಾಡುವವನ ಮರ್ಜಿ. ಲಿನಕ್ಸ್ ಎಂಬ ಉಚಿತ ವ್ಯವಸ್ಥೆಯ ಹೃದಯಭಾಗ 2003ರ ಡಿಸೆಂಬರಿನಿಂದ 2.6 ಎಂಬಲ್ಲೇ ನಿಂತು, ಮೂರನೆಯ ಮನೆಯಲ್ಲಿ 39ರವರೆಗೆ ಎಣಿಸಿಕೊಂಡು ಹೋಯಿತು. 2011ರಲ್ಲಿ ಅದರ ಕರ್ತೃ ಲೀನಸ್ ಟೊರ್ವಾಲ್ಡ್ಸ್ ಅದನ್ನು 3.0 ಮಾಡಿಬಿಟ್ಟರು. ದೊಡ್ಡ ಬದಲಾವಣೆ ಏನೂ ಇರಲಿಲ್ಲ. ಸಂಖ್ಯೆ ಎಣಿಸಲು ತ್ರಾಸಾಗುವಷ್ಟು ಬೆಳೆದಿತ್ತು ಎಂಬುದೇ ಅವರು ಕೊಟ್ಟ ಕಾರಣ. ನಮಗೆ ಈ ಪ್ರಾಮಾಣಿಕತೆ ಹಿಡಿಸಿತು. ಮೊದಲ ಅಂಕಿ ಬದಲಾದರೆ ಸಾಮಾನು ಪೂರ್ತಿ ಹೊಸದು ಎಂದು ತಿಳಿದು ದುಡ್ಡು ಕೊಡುವವರು ಇದನ್ನು ನೆನಪಿಡಬಹುದು.

ಇನ್ನು ಗೊಂದಲದ ಎರಡನೆಯ ಬೀಜ, ನಿಜವಾದ ಬೀಜ. ಈ ಸಂಖ್ಯೆಯನ್ನು ಓದುವವರು ಮನುಷ್ಯರು ಮಾತ್ರವಲ್ಲ. ಬಾಡಿಗೆಗೆ ಬರುವ ತಂತ್ರಾಂಶವೂ ಒಳಗೆ ಕಾಲಿಡುವ ಮೊದಲು "ಈ ಕಟ್ಟಡದ ನಂಬರ್ ಎಷ್ಟು?" ಎಂದು ಕೇಳುತ್ತದೆ. ತನಗೆ ಬೇಕಾದಷ್ಟು ಇಲ್ಲದಿದ್ದರೆ "ನಾನು ಇಲ್ಲಿ ಕೆಲಸ ಮಾಡಲಾರೆ" ಎಂದು ಬಾಗಿಲಲ್ಲೇ ನಿಲ್ಲುತ್ತದೆ. ಕೇಳುವುದರಲ್ಲಿ ತಪ್ಪಿಲ್ಲ. ಕೇಳುವ ರೀತಿಯಲ್ಲಿ ತಪ್ಪಾಯಿತು.

ಹೇಗೆಂದರೆ, ಒಂದು ಬಾಗಿಲಲ್ಲಿ ಕಾವಲುಗಾರನನ್ನು ನಿಲ್ಲಿಸಿದ್ದೀರಿ ಎನ್ನಿ. "ಐದು ರೂಪಾಯಿ ಒಂದಾಣೆ ಅಥವಾ ಅದಕ್ಕಿಂತ ಹೆಚ್ಚು ಇದ್ದವರನ್ನು ಒಳಗೆ ಬಿಡು" ಎಂದಿದ್ದೀರಿ. ಅವನು ಮೊದಲು ರೂಪಾಯಿ ನೋಡುತ್ತಾನೆ, ಐದು ಅಥವಾ ಹೆಚ್ಚು ಇರಬೇಕು. ಆಮೇಲೆ ಆಣೆ ನೋಡುತ್ತಾನೆ, ಒಂದು ಅಥವಾ ಹೆಚ್ಚು ಇರಬೇಕು. ಎರಡೂ ಇದ್ದರೆ ಮಾತ್ರ ಒಳಗೆ. ಐದು ರೂಪಾಯಿ ಒಂದಾಣೆಯವನು ಬಂದ, ಬಿಟ್ಟ. ಐದು ರೂಪಾಯಿ ಎರಡಾಣೆಯವನು ಬಂದ, ಬಿಟ್ಟ. ಆಮೇಲೆ ಆರು ರೂಪಾಯಿ, ಸೊನ್ನೆ ಆಣೆಯವನು ಬಂದ. ರೂಪಾಯಿ ಸರಿ. ಆಣೆ? ಇಲ್ಲ. "ಹೋಗು ಆಚೆ."

ನಗು ಬಂದರೂ ಇದು ನಡೆದದ್ದೇ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯ ಒಳಗಿನ ಸಂಖ್ಯೆ 5.1. ಅದಕ್ಕಾಗಿ ತಯಾರಾದ ಎಷ್ಟೋ ತಂತ್ರಾಂಶಗಳು ಮೇಲಿನ ಕಾವಲುಗಾರನ ರೀತಿಯಲ್ಲೇ ತಪಾಸಣೆ ಮಾಡುತ್ತಿದ್ದವು. ವಿಂಡೋಸ್ ವಿಸ್ಟಾ ಸಾಮಾನ್ಯ ಜನರ ಕೈಗೆ ಬಂದದ್ದು 2007ರ ಜನವರಿಯಲ್ಲಿ. ಅದರ ಒಳಗಿನ ಸಂಖ್ಯೆ 6.0, ಅಂದರೆ ಆರು ರೂಪಾಯಿ ಸೊನ್ನೆ ಆಣೆ. ಚೆನ್ನಾಗಿ ನಡೆಯಬಹುದಾಗಿದ್ದ ತಂತ್ರಾಂಶಗಳು ಬಾಗಿಲಲ್ಲೇ ಹಟ ಹಿಡಿದವು. ಬೈಗುಳ ತಿಂದದ್ದು ತಂತ್ರಾಂಶ ಬರೆದವರಲ್ಲ, ವಿಸ್ಟಾ.

ಮೈಕ್ರೋಸಾಫ್ಟ್ ಇದರಿಂದ ಪಾಠ ಕಲಿಯಿತು, ಆದರೆ ಕಲಿತ ಪಾಠ ವಿಚಿತ್ರವಾದದ್ದು. 2009ರ ಅಕ್ಟೋಬರಿನಲ್ಲಿ ವಿಂಡೋಸ್ 7 ಬಂದಾಗ ಹೆಸರು ಏಳು, ಒಳಗಿನ ಸಂಖ್ಯೆ 6.1. ಹಳೆಯ ತಂತ್ರಾಂಶಗಳು ಕೆಡಬಾರದು ಎಂಬುದಕ್ಕೇ ಹೀಗೆ ಮಾಡಿದ್ದೇವೆ ಎಂದು ಕಂಪನಿಯೇ ಹೇಳಿತ್ತು. 2012ರ ವಿಂಡೋಸ್ 8ಕ್ಕೆ ಒಳಗೆ 6.2, 2013ರ 8.1ಕ್ಕೆ 6.3. ಗಿರಾಕಿಗೆ ಏಳು ಎಂಟು ಎಂದು ಎಣಿಸಿ ತೋರಿಸಿ, ಒಳಗೆ ಆರು ರೂಪಾಯಿಯ ಮೇಲೆ ಒಂದೊಂದೇ ಆಣೆ ಏರಿಸುತ್ತ ಹೋದರು.

ಕಾವಲುಗಾರನಿಗಾಗಿ ಸುಳ್ಳು ಹೇಳುವ ಈ ಪದ್ಧತಿ ಅದಕ್ಕೂ ಹಳೆಯದು. 1991ರಲ್ಲಿ ಬಂದ ಎಂಎಸ್-ಡಾಸ್ 5ರಲ್ಲಿ ಅದಕ್ಕೆಂದೇ ‘ಸೆಟ್‌ವರ್’ ಎಂಬ ಸೌಕರ್ಯವಿತ್ತು. ಯಾವ ತಂತ್ರಾಂಶ ಬಂದು ಕೇಳಿದರೆ ಯಾವ ನಂಬರ್ ಹೇಳಬೇಕು ಎಂಬ ಒಂದು ಪಟ್ಟಿಯನ್ನೇ ಅದು ಇಟ್ಟುಕೊಂಡಿರುತ್ತಿತ್ತು. ಇವನಿಗೆ ಇದು, ಅವನಿಗೆ ಅದು. 1995ರ ಆಗಸ್ಟಿನಲ್ಲಿ ಭಾರೀ ಜಾಹೀರಾತಿನೊಂದಿಗೆ ಬಂದ ವಿಂಡೋಸ್ 95ರ ನಿಜವಾದ ಆಂತರಿಕ ಸಂಖ್ಯೆ 4.00. ಆದರೆ ಹಳೆಯ ತಲೆಮಾರಿನ ತಂತ್ರಾಂಶಗಳು ಕೇಳಿದಾಗ ಅದು ತನ್ನನ್ನು 3.95 ಎಂದು ಹೇಳಿಕೊಳ್ಳುತ್ತಿತ್ತು. ಅದರ ಹಿಂದಿನ ವಿಂಡೋಸ್ 3.1 ಒಳಗೆ 3.10 ಎಂದಿದ್ದದ್ದರಿಂದ, ಆ ಹಳೆಯ ಕಾವಲುಗಾರರು ಮೂರು ರೂಪಾಯಿಯ ಜೊತೆಗೆ ಹತ್ತಾಣೆಯನ್ನೂ ಕೇಳುತ್ತಿದ್ದರು. ನಾಲ್ಕು ರೂಪಾಯಿ ಸೊನ್ನೆ ಆಣೆಯವನನ್ನು ಅವರು ಬಿಡುತ್ತಿರಲಿಲ್ಲ.

ಇನ್ನು ಹೊರಗಿನ ಹೆಸರಿನ ಕಥೆ ನೋಡಿದರೆ ಅದಕ್ಕೆ ಯಾವ ಕಟ್ಟಳೆಯೂ ಇಲ್ಲ. ಮೊದಲು 1, 2, 3 ಎಂದು ಎಣಿಸಿದರು. ಆಮೇಲೆ ಇಸವಿ ಹಿಡಿದರು, 95, 98, 2000. ಆಮೇಲೆ ಎಂಇ, ಎಕ್ಸ್‌ಪಿ ಎಂಬ ಅಕ್ಷರಗಳು. ಆಮೇಲೆ ವಿಸ್ಟಾ ಎಂಬ ಶಬ್ದ. ಆಮೇಲೆ ಮತ್ತೆ ಎಣಿಕೆಗೆ ಬಂದು 7, 8. ಒಂಬತ್ತನ್ನು ಹಾರಿಸಿ 2015ರಲ್ಲಿ ನೇರವಾಗಿ 10. ಒಂಬತ್ತು ಏಕಿಲ್ಲ ಎಂಬುದಕ್ಕೆ ಹಲವು ವದಂತಿಗಳಿವೆ, ಅವನ್ನು ಬಿಡೋಣ. ವ್ಯಾಪಾರದ ಹೆಸರಿಡುವವರು ಬೇರೆ, ಒಳಗೆ ಕೆಲಸ ಮಾಡುವವರು ಬೇರೆ ಎಂದು ತಿಳಿದರೆ ಸಾಕು.

ನಮ್ಮ ಮನೆಗಳಲ್ಲಿ ಇದು ಅರ್ಥವಾಗಲು ಕಷ್ಟವಾಗಬಾರದು. 2025ರ ದೀಪಾವಳಿಯ ಪಾಡ್ಯಕ್ಕೆ ಹೊಸ ಖಾತೆ ತೆರೆದವರು ಮೇಲೆ ಏನು ಬರೆದರು? ವೀರ ನಿರ್ವಾಣ ಸಂವತ್ 2552 ಎಂದು ಕೆಲವರು. ವಿಕ್ರಮ ಸಂವತ್ 2082 ಎಂದು ಕೆಲವರು. ಶಕೆ 1947 ಎಂದೂ ಬರೆದವರಿದ್ದಾರೆ. ಸೂರ್ಯ ಹುಟ್ಟಿದ್ದು ಒಂದೇ ಸಲ. 2552 ಎಂದು ಬರೆದವನ ದಿನ 1947 ಎಂದು ಬರೆದವನ ದಿನಕ್ಕಿಂತ ಆರು ನೂರು ವರ್ಷ ಹೊಸದು ಎಂದು ಯಾರೂ ವಾದಿಸುವುದಿಲ್ಲ, ಏಕೆಂದರೆ ಯಾವ ಎಣಿಕೆ ಎಲ್ಲಿಂದ ಶುರುವಾಯಿತು ಎಂಬುದು ನಮಗೆ ಗೊತ್ತು. ಕಂಪ್ಯೂಟರಿನ ವಿಷಯದಲ್ಲಿ ಅದನ್ನು ನಮಗೆ ಯಾರೂ ಹೇಳಿಲ್ಲ.

ವಿಂಡೋಸ್ 10 ಬಂದಾಗ ಕಂಪನಿ ಒಳಗಿನ ಸಂಖ್ಯೆಯನ್ನೂ 6.3ರಿಂದ ಒಮ್ಮೆಗೇ 10.0ಕ್ಕೆ ಏರಿಸಿತು. ಹೊರಗೂ ಹತ್ತು, ಒಳಗೂ ಹತ್ತು. ಆದರೂ, ಹೊಸ ಸಂಖ್ಯೆ ತನಗೆ ಗೊತ್ತಿದೆ ಎಂದು ಮೊದಲೇ ಬರೆದು ಕೊಡದ ತಂತ್ರಾಂಶ ಬಂದು ಕೇಳಿದರೆ ಅದು 6.2 ಎಂದೇ ಉತ್ತರಿಸುತ್ತದೆ! ಇನ್ನು ಮುಂದೆ ಹೊಸ ಹೆಸರಿನ ವಿಂಡೋಸ್ ಬರುವುದಿಲ್ಲ, ಇದೇ ಕೊನೆಯದು ಎಂದು ಕಂಪನಿಯ ಒಬ್ಬ ನೌಕರರು 2015ರಲ್ಲಿ ಸಭೆಯೊಂದರಲ್ಲಿ ಹೇಳಿದ ಮಾತು ಪತ್ರಿಕೆಗಳಲ್ಲೆಲ್ಲ ಬಂತು. ಹೆಸರು ಬದಲಾಗದಿದ್ದರೆ ಹೊಸದನ್ನು ಹಳೆಯದರಿಂದ ಬೇರೆ ಮಾಡುವುದು ಹೇಗೆ? ಅದಕ್ಕೆ ಇಸವಿ-ತಿಂಗಳ ಗುರುತು ಹಾಕಿದರು. 1511 ಎಂದರೆ 2015ರ ನವೆಂಬರ್. 1903 ಎಂದರೆ 2019ರ ಮಾರ್ಚ್. ಹೀಗೆ ಬರುತ್ತ 2020ರಲ್ಲಿ 2004 ಎಂಬ ಗುರುತು ಬಂತು. ಅದನ್ನು ಕಂಡು "ಇಪ್ಪತ್ತು ವರ್ಷದ ಹಳೇ ಸಾಮಾನು ಹಾಕ್ಯಾರ" ಎಂದುಕೊಂಡರೆ ಅವರನ್ನು ದೂರುವಂತಿಲ್ಲ. ಅದೇ ವರ್ಷದ ಎರಡನೆಯ ಅರ್ಧದಿಂದ ಗುರುತಿನ ರೀತಿ ಬದಲಾಯಿತು, 20ಎಚ್2, 21ಎಚ್1 ಎಂದು. ಎಚ್ ಎಂದರೆ ಅರ್ಧ. 2 ಎಂದರೆ ವರ್ಷದ ಉತ್ತರಾರ್ಧ.

ಆ ಕೊನೆಯ ವಿಂಡೋಸಿನ ಮಾತು ಆರು ವರ್ಷ ಬಾಳಿತು. 2021ರ ಅಕ್ಟೋಬರ್ 5ರಂದು ವಿಂಡೋಸ್ 11 ಬಂತು. ಹೊರಗಿನ ಹೆಸರು ಬದಲಾಯಿತು, ಒಳಗಿನ 10.0 ಹಾಗೆಯೇ ಉಳಿಯಿತು. ಇಷ್ಟು ಕಾವಲುಗಾರರ ಕೈಯಲ್ಲಿ ನೊಂದವರು ಮತ್ತೆ ಏಕೆ ಮುಟ್ಟಲು ಹೋದಾರು ಎಂಬುದು ನಮ್ಮ ಅಭಿಪ್ರಾಯ. ಹತ್ತಕ್ಕೂ ಹನ್ನೊಂದಕ್ಕೂ ಒಳಗೆ ಇರುವ ಗುರುತು ಮೂರನೆಯ ಮನೆಯಲ್ಲಿದೆ. ಅದಕ್ಕೆ ಬಿಲ್ಡ್ ನಂಬರ್ ಎನ್ನುತ್ತಾರೆ. ಅದು 22000 ಅಥವಾ ಹೆಚ್ಚಾಗಿದ್ದರೆ ಮನೆಯ, ಅಂಗಡಿಯ ಕಂಪ್ಯೂಟರಿನಲ್ಲಿ ಅದು ವಿಂಡೋಸ್ 11. ವಿಂಡೋಸ್ 10ರ ಕೊನೆಯ ಆವೃತ್ತಿಯ ಬಿಲ್ಡ್ 19045.

ಸೊಲ್ಲಾಪುರದ ಹುಡುಗನ ಪರದೆಯ ಮೇಲಿದ್ದ ಪೂರ್ತಿ ಸಂಖ್ಯೆಯನ್ನು ನಾವು ಫೋನಿನಲ್ಲಿ ಓದಿಸಿದೆವು. 10.0 ಆದ ಮೇಲೆ 26100 ಎಂದಿತ್ತು. ಅಪ್ಪಟ ಹನ್ನೊಂದು, ಅದರಲ್ಲೂ 24ಎಚ್2 ಎಂಬ ಆವೃತ್ತಿ. ಅಜ್ಜ ಅದೇ ಸಂಜೆ ಮೊಮ್ಮಗನ ಕೈಯಲ್ಲೇ ಬಾಕಿ ಕೊಟ್ಟು ಕಳಿಸಿದರೆಂದು ಆಮೇಲೆ ತಿಳಿಯಿತು. ಹುಡುಗನನ್ನು ನಾವು ಬೈಯಲಿಲ್ಲ. ಪೆಟ್ಟಿಗೆಯ ಮೇಲಿನ ಚೀಟಿ ನಂಬದೆ ಒಳಗೆ ನೋಡಿದವನು ಅವನು. ಯಂತ್ರದ ಪರಿಚಯವಿದ್ದವರಿಗೂ ಇದು ಕೈಕೊಡುತ್ತದೆ. ವಿಂಡೋಸಿನ ಒಳಗಿನ ದಾಖಲೆಯೊಂದರಲ್ಲಿ ಉತ್ಪನ್ನದ ಹೆಸರು ಹನ್ನೊಂದರಲ್ಲೂ ವಿಂಡೋಸ್ 10 ಎಂದೇ ಉಳಿದಿರುತ್ತದೆ. ಆ ದಾಖಲೆಯನ್ನು ಮಾತ್ರ ನೋಡಿ ವರದಿ ಕೊಡುವ ತಂತ್ರಾಂಶ ತಪ್ಪು ಹೇಳದೆ ಇನ್ನೇನು ಮಾಡೀತು?

ಈಗ ನಿಮ್ಮ ಅಂಗಡಿಯ ಮಾತು. ಕೀಲಿಮಣೆಯಲ್ಲಿ ವಿಂಡೋಸ್ ಚಿಹ್ನೆಯ ಗುಂಡಿಯನ್ನು ಒತ್ತಿ ಹಿಡಿದು ಆರ್ ಅಕ್ಷರ ಒತ್ತಿರಿ. ಬರುವ ಸಣ್ಣ ಚೌಕದಲ್ಲಿ ವಿನ್‌ವರ್ ಎಂದು, ಅಂದರೆ ಡಬ್ಲ್ಯೂ, ಐ, ಎನ್, ವಿ, ಇ, ಆರ್ ಎಂಬ ಆರು ಇಂಗ್ಲಿಷ್ ಅಕ್ಷರಗಳನ್ನು ಬರೆದು ಎಂಟರ್ ಒತ್ತಿರಿ. ಆವೃತ್ತಿಯ ಗುರುತು, ಬಿಲ್ಡ್ ನಂಬರ್ ಎರಡೂ ಒಂದೇ ಸಾಲಿನಲ್ಲಿ ಕಾಣುತ್ತವೆ. ಅದನ್ನು ಒಂದು ಕಾಗದದ ಮೇಲೆ ತಾರೀಖಿನೊಂದಿಗೆ ಬರೆದಿಡಿ. ಯಾರಾದರೂ ಫೋನಿನಲ್ಲಿ "ನಿಮ್ಮಲ್ಲಿ ಯಾವ ವಿಂಡೋಸ್?" ಎಂದು ಕೇಳಿದಾಗ ಹತ್ತು, ಹನ್ನೊಂದು ಎನ್ನುವ ಬದಲು ಆ ಸಾಲನ್ನೇ ಓದಿ ಹೇಳಿ.

ಅದನ್ನು ಬರೆದಿಡಿ ಎನ್ನಲು ಬಲವಾದ ಕಾರಣವಿದೆ. ಹನ್ನೊಂದು ಇದ್ದ ಮಾತ್ರಕ್ಕೆ ನಿಶ್ಚಿಂತೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. ಮನೆ ಮತ್ತು ಸಣ್ಣ ಅಂಗಡಿಗಳಲ್ಲಿರುವ ಹೋಮ್, ಪ್ರೋ ಎಂಬ ಬಗೆಗಳಲ್ಲಿ ಪ್ರತಿ ವಾರ್ಷಿಕ ಆವೃತ್ತಿಗೆ ಸುಮಾರು ಎರಡು ವರ್ಷ ಮಾತ್ರ ದುರಸ್ತಿ. ವಿಂಡೋಸ್ 11ರ 22ಎಚ್2ಗೆ 2024ರ ಅಕ್ಟೋಬರಿನಲ್ಲೇ ಅದು ಮುಗಿಯಿತು. 23ಎಚ್2ಗೆ, ಅಂದರೆ ಬಿಲ್ಡ್ 22631ಕ್ಕೆ, 2025ರ ನವೆಂಬರ್ 11ರಂದು ಮುಗಿಯಿತು. 24ಎಚ್2ಗೆ ಗೊತ್ತುಪಡಿಸಿದ ದಿನ 2026ರ ಅಕ್ಟೋಬರ್ 13. 25ಎಚ್2 ಎಂಬುದರ ಬಿಲ್ಡ್ 26200, ಅದಕ್ಕೆ 2027ರ ಅಕ್ಟೋಬರ್ 12. ಹೊಸ ವಾರ್ಷಿಕ ಆವೃತ್ತಿಗೆ ಹಣವಿಲ್ಲ, ಹಾಕಿಕೊಳ್ಳುವ ಮನಸ್ಸು ಬೇಕು. ಅಂಗಡಿಯ ಗದ್ದಲದಲ್ಲಿ "ಈಗ ಬೇಡ, ಆಮೇಲೆ" ಎಂದು ತಿಂಗಳುಗಟ್ಟಲೆ ತಳ್ಳುವುದೇ ಹೆಚ್ಚು.

ಹತ್ತೇ ಇದ್ದವರಿಗೆ ಎರಡು ದಾರಿ. ಸ್ವಂತ ಬಳಕೆಯವರಿಗಾಗಿ 2026ರ ಅಕ್ಟೋಬರ್ 13ರವರೆಗೆ ಒಂದು ವರ್ಷದ ಹೆಚ್ಚುವರಿ ದುರಸ್ತಿಯನ್ನು ಕಂಪನಿ ಘೋಷಿಸಿತು. ಅದಕ್ಕೆ ಹೆಸರು ನೋಂದಾಯಿಸಬೇಕು, ಯಂತ್ರದಲ್ಲಿ 22ಎಚ್2, ಅಂದರೆ ಬಿಲ್ಡ್ 19045, ಇರಲೇಬೇಕು. ಬರಿಯ "ವಿಂಡೋಸ್ ಹತ್ತು ಇದೆ" ಎಂಬುದು ಅಲ್ಲಿ ನಡೆಯುವುದಿಲ್ಲ. ಇನ್ನೊಂದು ದಾರಿ ಹನ್ನೊಂದಕ್ಕೆ ಏರುವುದು. ಅದಕ್ಕೆ ಯಂತ್ರದಲ್ಲಿ ಟಿಪಿಎಂ 2.0 ಎಂಬ ಭದ್ರತಾ ಭಾಗವಿರಬೇಕು, ಇಂಟೆಲ್ ಪ್ರೊಸೆಸರ್ ಆದರೆ ಬಹುಮಟ್ಟಿಗೆ 8ನೆಯ ಪೀಳಿಗೆ ಅಥವಾ ಅದರ ನಂತರದ್ದಾಗಿರಬೇಕು. ಇಲ್ಲೂ ಅಂಕಿಯ ಮೋಸ ಬಂತು ನೋಡಿ. ಸೆಕೆಂಡ್‌ಹ್ಯಾಂಡ್ ಕೊಳ್ಳುವಾಗ "ಐ7 ಇದೆ, ಐ3ಗಿಂತ ಮೇಲು" ಎಂದು ಹೇಳಿ ಮಾರುತ್ತಾರೆ. 4ನೆಯ ಪೀಳಿಗೆಯ ಐ7 ಹನ್ನೊಂದಕ್ಕೆ ಸಲ್ಲುವುದಿಲ್ಲ, 8ನೆಯ ಪೀಳಿಗೆಯ ಐ3 ಸಲ್ಲುತ್ತದೆ. ಐ ಅಕ್ಷರದ ಮುಂದಿನ ಅಂಕಿ ದರ್ಜೆ. ಪೀಳಿಗೆ ಅದರ ನಂತರದ ಸಂಖ್ಯೆಯಲ್ಲಿದೆ.

ದುರಸ್ತಿ ನಿಂತರೆ ಯಂತ್ರ ಮಾರನೆಯ ದಿನ ನಿಲ್ಲುವುದಿಲ್ಲ. ಅದರಿಂದಲೇ ಜನ ಉಪೇಕ್ಷೆ ಮಾಡುತ್ತಾರೆ. ಬಾಡಿಗೆದಾರರು ಒಬ್ಬೊಬ್ಬರಾಗಿ ಬಿಟ್ಟು ಹೋಗುತ್ತಾರೆ, ಅಷ್ಟೇ. ವಿಂಡೋಸ್ 7ರ ದುರಸ್ತಿ 2020ರ ಜನವರಿ 14ಕ್ಕೆ ನಿಂತಿತು. ಅಂಗಡಿಗಳಲ್ಲಿ ಅದು ನಡೆಯುತ್ತಲೇ ಇತ್ತು. ಮೂರು ವರ್ಷದ ನಂತರ, 2023ರ ಆರಂಭದಲ್ಲಿ, ಕ್ರೋಮ್ ಬ್ರೌಸರ್ ತನ್ನ 109ನೆಯ ಆವೃತ್ತಿಯೇ ಅಲ್ಲಿ ಕೊನೆ ಎಂದಿತು. ಆ ಬ್ರೌಸರಿನ ಮೇಲೆಯೇ ಬ್ಯಾಂಕು, ಆ ಬ್ರೌಸರಿನ ಮೇಲೆಯೇ ಜಿಎಸ್‌ಟಿ. ದುರಸ್ತಿಯಿಲ್ಲದ ಯಂತ್ರದಲ್ಲಿ ಕೂತು ಹಣದ ವ್ಯವಹಾರ ಮಾಡುವುದು ಬೀಗ ಕೆಟ್ಟ ತಿಜೋರಿಯನ್ನು ಬಳಸಿದಂತೆ.

ಲೆಕ್ಕದ ತಂತ್ರಾಂಶದ ಬಗ್ಗೆಯೂ ಒಂದು ಮಾತು. ಬೆಂಗಳೂರಿನ ಟ್ಯಾಲಿ ನಮ್ಮ ಬಹುತೇಕ ಅಂಗಡಿಗಳಲ್ಲಿದೆ. ಟ್ಯಾಲಿ ಇಆರ್‌ಪಿ 9 ಎಂಬುದರಲ್ಲಿ 9 ಎಂಬುದು ಹೆಸರಿನ ಭಾಗ. ಅದರ ಬಿಡುಗಡೆಯ ಸಂಖ್ಯೆ ಬೇರೆಯೇ ಏರುತ್ತ 6.6.3ರವರೆಗೆ ಹೋಯಿತು. 2020ರ ನವೆಂಬರಿನಲ್ಲಿ ಟ್ಯಾಲಿ ಪ್ರೈಮ್ ಬಂದಾಗ ಎಣಿಕೆ ಮತ್ತೆ 1.0ರಿಂದ ಶುರುವಾಯಿತು. "ಒಂಬತ್ತು ಇದ್ದದ್ದನ್ನು ತೆಗೆದು ಒಂದು ಹಾಕಲಿಕ್ಕೆ ಬಂದಾನ" ಎಂದು ಹಿರಿಯರೊಬ್ಬರು ರಿಪೇರಿಯವನನ್ನು ಹೊರಗೆ ನಿಲ್ಲಿಸಿದ ಸುದ್ದಿ ನಮಗೆ ಜತ್ತದ ಕಡೆಯಿಂದ ಬಂದಿತ್ತು.

ಮೊಬೈಲಿನಲ್ಲಿ ಗೊಂದಲ ಇನ್ನೂ ಒಂದು ಪದರ ಹೆಚ್ಚು. ಆಂಡ್ರಾಯ್ಡ್ ಫೋನಿನಲ್ಲಿ ಗೂಗಲ್‌ನ ಸಂಖ್ಯೆ ಒಂದು, ಫೋನು ತಯಾರಿಸಿದ ಕಂಪನಿ ಅದರ ಮೇಲೆ ಹೊದಿಸಿದ ಹೊದಿಕೆಯ ಸಂಖ್ಯೆ ಇನ್ನೊಂದು. ಸ್ಯಾಮ್‌ಸಂಗ್‌ನ ಒನ್ ಯುಐ 6 ಎಂದರೆ ಆಂಡ್ರಾಯ್ಡ್ 14. ಶಿಯೋಮಿಯ ಎಂಐಯುಐ 14 ಎಂದರೆ ಆಂಡ್ರಾಯ್ಡ್ 14 ಅಲ್ಲ, ಅದರೊಳಗೆ ಇದ್ದದ್ದು 13, ಕೆಲವು ಫೋನುಗಳಲ್ಲಿ 12. ಆ ಕಂಪನಿ 2023ರಲ್ಲಿ ಹೊದಿಕೆಯ ಹೆಸರು ಬದಲಿಸಿ ಹೈಪರ್‌ಓಎಸ್ ಎಂದು ಇಟ್ಟು 1ರಿಂದ ಎಣಿಸತೊಡಗಿತು. 14 ಇದ್ದದ್ದು 1ಕ್ಕೆ ಇಳಿದಂತೆ ಕಂಡಿತು. ಐಫೋನಿನಲ್ಲಿ 2024ರದು 18, 2025ರ ಸೆಪ್ಟೆಂಬರಿನದು 26. ನಡುವಿನ ಏಳು ಆವೃತ್ತಿ ನಮಗೆ ತಪ್ಪಿಹೋದವೇ ಎಂದು ಒಬ್ಬ ತಂಗಿ ಬರೆದು ಕೇಳಿದ್ದಾರೆ. ಇಲ್ಲಮ್ಮ, ಏನೂ ತಪ್ಪಿಲ್ಲ. ಆಪಲ್ ತನ್ನ ಎಲ್ಲ ಸಾಧನಗಳಿಗೂ ಮುಂಬರುವ ಇಸವಿಯ ಅಂಕಿ ಕೊಡಲು ನಿಶ್ಚಯಿಸಿತು. ಮ್ಯಾಕ್ ಕೂಡ ಅದೇ ತಿಂಗಳು 15ರಿಂದ 26ಕ್ಕೆ ಹಾರಿತು.

ಹಳೆಯ ಫೋನು ಕೊಳ್ಳುವಾಗ, ಅಥವಾ ಮನೆಯ ಹಿರಿಯರಿಗೆ ನಿಮ್ಮ ಹಳೆಯ ಫೋನು ಕೊಡುವಾಗ, ಸೆಟ್ಟಿಂಗ್ಸಿನಲ್ಲಿ ಫೋನಿನ ವಿವರವಿರುವ ಜಾಗಕ್ಕೆ ಹೋಗಿ ಎರಡು ಸಾಲು ನೋಡಿ. ಆಂಡ್ರಾಯ್ಡ್ ಆವೃತ್ತಿ ಒಂದು, ಸುರಕ್ಷತಾ ಅಪ್‌ಡೇಟಿನ ತಾರೀಖು ಇನ್ನೊಂದು. ವಾಟ್ಸಾಪಿಗೆ 2023ರ ಅಕ್ಟೋಬರಿನಿಂದ ಆಂಡ್ರಾಯ್ಡ್ 5.0 ಅಥವಾ ಮೇಲಿನದು ಬೇಕಾಯಿತು. ಬ್ಯಾಂಕಿನ ಆಪ್‌ಗಳು ಅದಕ್ಕಿಂತ ಹೆಚ್ಚನ್ನೇ ಕೇಳುತ್ತವೆ. ಆವೃತ್ತಿ ಸಾಕಷ್ಟಿದ್ದು ಸುರಕ್ಷತೆಯ ತಾರೀಖು ಎರಡು ಮೂರು ವರ್ಷ ಹಿಂದಿನದಾದರೆ, ಆ ಫೋನನ್ನು ಮಾತಿಗೆ, ಪ್ರವಚನ ಕೇಳಲಿಕ್ಕೆ ಇಟ್ಟುಕೊಳ್ಳಿ, ಯುಪಿಐ ಹಾಕಬೇಡಿ. ಅಂಗಡಿಯವನು "ಹದಿನಾಲ್ಕು ಐತ್ರಿ" ಎಂದರೆ, ಯಾವುದರ ಹದಿನಾಲ್ಕು ಎಂದು ಕೇಳಿ. ತಾರೀಖನ್ನು ಮಾತ್ರ ಯಾವ ಹೊದಿಕೆಯೂ ಬದಲಿಸುವುದಿಲ್ಲ, ಅದನ್ನು ಅವನ ಮುಂದೆಯೇ ಓದಿ.

ಬಿಲ್ಡ್ ನಂಬರ್ ಬರೆದು ಕಳಿಸಿದ ವಾಚಕರಿಗೆ ಉತ್ತರಗಳನ್ನು ಅಂಚೆಯಲ್ಲಿ ಬೇರೆಯಾಗಿ ಕಳಿಸುತ್ತಿದ್ದೇವೆ. ಯಂತ್ರ ಬದಲಿಸುವಾಗ ಹಳೆಯ ವರ್ಷಗಳ ಲೆಕ್ಕವನ್ನು ಹೊಸದಕ್ಕೆ ಹೇಗೆ ಒಯ್ಯಬೇಕೆಂದು ರಾಯದುರ್ಗದ ವಾಚಕರು ಕೇಳಿದ್ದಾರೆ. ಅದನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇವೆ.